ಹಳತಾಗದ ಅಡಿಕೆ

2025ರ ಆಟಿ ತಿಂಗಳು. ಕುಮಾರಧಾರೆ ಸ್ನಾನಘಟ್ಟದ ಮೆಟ್ಟಿಲುಗಳನ್ನು ನುಂಗಿಕೊಂಡಿದ್ದ ದಿನಗಳು. ಅಡಿಕೆ ತೋಟಕ್ಕೆ ಕೊಳೆರೋಗದ ಎರಡನೇ ಮದ್ದು ಬಿಡಲು ಅರ್ಧ ದಿನದ ಬಿಸಿಲಾದರೂ ಸಿಕ್ಕೀತೇ ಎಂದು ಆಕಾಶ ನೋಡುತ್ತ ಚಾವಡಿಯಲ್ಲಿ ಕೂತಿದ್ದೆ. ತಂಗಿಯ ಮಗ ಕೊಡೆಯ ನೀರು ಕೊಡವಿ ಒಳಗೆ ಬಂದವನೇ ಫೋನನ್ನು ನನ್ನ ಕಣ್ಣೆದುರು ಹಿಡಿದ.

"ಮಾವ, ನಲ್ವತ್ತೆರಡು ಸಾವಿರ ಬರ್ಲಿಕ್ಕೆ ಉಂಟು. ಇನ್‌ಕಂ ಟ್ಯಾಕ್ಸಿನವರಿಂದ."

ಇವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವ. ಕೊರೊನಾ ಕಾಲದಲ್ಲಿ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಬೆಳಿಗ್ಗೆ ತೋಟ, ಮಧ್ಯಾಹ್ನದ ಮೇಲೆ ಕಿಟಕಿಯ ಹತ್ತಿರ ಕೂತು ಯಾವುದೋ ಕಂಪೆನಿಗೆ ಕಂಪ್ಯೂಟರ್ ಕೆಲಸ. ಆ ಮಾರ್ಚಿಗೆ ಮುಗಿದ ವರ್ಷದಲ್ಲಿ ಕಂಪೆನಿ ಇವನಿಗೆ ಕೊಟ್ಟದ್ದು 4,20,000 ರೂಪಾಯಿ. ಕೊಡುವಾಗಲೇ ನೂರಕ್ಕೆ ಹತ್ತರಂತೆ ಮುರಿದು ಸರಕಾರಕ್ಕೆ ಕಟ್ಟಿದೆ. ಇಂಥ ವೃತ್ತಿಯವರು ಬಂದದ್ದರಲ್ಲಿ ಅರ್ಧವನ್ನು ಖರ್ಚೆಂದು ಬಿಟ್ಟು ಉಳಿದರ್ಧವನ್ನು ಆದಾಯ ಎಂದು ತೋರಿಸಬಹುದು. ಆ ಅರ್ಧ 2,10,000. ಆ ವರ್ಷದ ಹೊಸ ಪದ್ಧತಿಯಲ್ಲಿ 3 ಲಕ್ಷದವರೆಗೆ ತೆರಿಗೆಯೇ ಇಲ್ಲ. ಹಾಗಾಗಿ ಮುರಿದದ್ದಷ್ಟೂ ವಾಪಸು. ಲೆಕ್ಕ ಸರಿ, ರಿಟರ್ನ್ ಹಾಕಿಯಾಗಿದೆ, ಒಟಿಪಿ ಕೊಟ್ಟು ದೃಢೀಕರಿಸಿಯೂ ಆಗಿದೆ.

ಅವನಿಗೆ ಬೇಕಾದದ್ದು ದೋಟಿ. ಹಿಂದಿನ ಬಿದಿರಿನದ್ದಲ್ಲ, ಕಾರ್ಬನ್ ಫೈಬರಿನದ್ದು. ನೆಲದಲ್ಲಿ ನಿಂತೇ ಐವತ್ತು ಅರುವತ್ತು ಅಡಿ ಎತ್ತರದ ಗೊನೆಗೆ ಮದ್ದು ಬಿಡುವಂಥದ್ದು. ಮರ ಹತ್ತುವವರು ಸಿಗುವುದಿಲ್ಲ, ಸಿಕ್ಕಿದರೂ ಅವರು ಬರುವ ದಿನಕ್ಕೆ ಮಳೆ ಬಿಡುವುದಿಲ್ಲ. ಮೊದಲ ಮದ್ದು ಬಿಟ್ಟು ನಲವತ್ತೈದು ದಿನ ದಾಟಿತು. ಗೊನೆಯ ಬುಡದಲ್ಲಿ ಕೊಳೆ ಕಾಣಿಸಿಕೊಂಡಿದೆ.

"ಫೋನಿನಲ್ಲಿ ಒಂದು ಫೈನಾನ್ಸಿನವರು ಈಗಲೇ ಕೊಡ್ತೇವೆ ಹೇಳ್ತಾರೆ. ತಿಂಗಳಿಗೆ ಎರಡು ಪರ್ಸೆಂಟ್. ರಿಫಂಡ್ ಬಂದ ಕೂಡ್ಲೇ ಕಟ್ಟಿಬಿಡುದು. ತೆಗೀಲಾ ಮಾವ?"

ನಾನು ಮೂವತ್ತಾರು ವರ್ಷ ಈ ಘಟ್ಟದ ಬುಡದ ಒಂದು ಸಹಕಾರಿ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದು ಕಾರ್ಯದರ್ಶಿಯಾಗಿ ನಿವೃತ್ತನಾದವ. ಮೇಜಿನ ಆಚೆ ಬದಿಯಲ್ಲಿ ನಿಂತು ಸಾಲ ಕೇಳಿದವರೆಲ್ಲರ ಬಾಯಲ್ಲಿ ಒಂದು ಮಾತು ಖಂಡಿತ ಇರುತ್ತಿತ್ತು: ಬರ್ಲಿಕ್ಕೆ ಉಂಟು. ಅಡಿಕೆ ಬರ್ಲಿಕ್ಕೆ ಉಂಟು, ಮಗನ ಡ್ರಾಫ್ಟು ಬರ್ಲಿಕ್ಕೆ ಉಂಟು, ತರವಾಡಿನ ಪಾಲು ಬರ್ಲಿಕ್ಕೆ ಉಂಟು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎಂದು ಗಾದೆ ಹೇಳುವುದು ಸುಲಭ. ಆದರೆ ಈ ಸೀಮೆಯಲ್ಲಿ ಕುಲಾವಿ ಮೊದಲು ಹೊಲಿಸದೆ ಕೂಸು ಉಳಿದದ್ದೇ ಕಡಿಮೆ. ಮದ್ದಿಗೆ ಸಾಲ ಮಾಡದವನಿಗೆ ಅಡಿಕೆ ಎಲ್ಲಿಂದ ಬರಬೇಕು?

ಹಾಗಾಗಿ ಅಳಿಯನಿಗೆ ಕೂಡಲೇ ಉತ್ತರ ಕೊಡಲಿಲ್ಲ. ನನಗೆ ಅಜ್ಜನ ನೆನಪಾಯಿತು.

ಅಜ್ಜ ಚಾಲಗೇಣಿ ಒಕ್ಕಲು. ಗದ್ದೆಯ ಮೇಲಿನ ಬದಿಯಲ್ಲಿ ಒಂದು ತುಂಡು ಅಡಿಕೆ ತೋಟ. ಆಟಿಯಲ್ಲಿ ಮನೆಯ ಅಕ್ಕಿ ಮುಡಿ ಖಾಲಿಯಾಗುವ ಹೊತ್ತಿಗೆ ಸರಿಯಾಗಿ, ಮಂಗಳೂರು ಬಂದರಿನ ಒಬ್ಬ ಮಂಡಿ ಸಾಹುಕಾರರ ಕಡೆಯ ಜನ ಬರುತ್ತಿದ್ದರಂತೆ. ಹಣ ಕೇಳಿಕೊಂಡು ಇವರು ಹೋಗಬೇಕಾಗಿರಲಿಲ್ಲ, ಹಣವೇ ಏರು ಹತ್ತಿ ಮನೆಗೆ ಬರುತ್ತಿತ್ತು. ಅದಕ್ಕೆ ಸಾಲ ಎಂಬ ಹೆಸರೂ ಇರಲಿಲ್ಲ. ಮುಂಗಡ. ಅಜ್ಜ ಹೆಬ್ಬೆಟ್ಟು ಒತ್ತಿದರೆ ಅಕ್ಕಿ, ಉಪ್ಪು, ಒಣಮೀನು, ಮದ್ದಿಗೆ ಮೈಲುತುತ್ತು ಎಲ್ಲಕ್ಕೂ ದಾರಿಯಾಯಿತು. ಬಡ್ಡಿ ಎಷ್ಟು ಎಂದು ಅಜ್ಜನಿಗೆ ಕೊನೆಯವರೆಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಷರತ್ತು: ಕೊಯ್ಲಾದ ಅಡಿಕೆ ಆ ಮಂಡಿಗೇ ಹೋಗಬೇಕು.

ಆ ಷರತ್ತಿನ ನಿಜವಾದ ಬೆಲೆ ತಿಳಿಯಬೇಕಾದರೆ ನಮ್ಮ ಚಾಲಿ ಅಡಿಕೆಯ ಸ್ವಭಾವ ಗೊತ್ತಿರಬೇಕು. ಮಲೆನಾಡಿನವರು ಹಸಿ ಅಡಿಕೆ ಸುಲಿದು, ಬೇಯಿಸಿ, ಕೆಂಪು ಮಾಡುತ್ತಾರೆ. ನಮ್ಮದು ಹಣ್ಣಡಿಕೆ. ಅಂಗಳದಲ್ಲಿ ಸಿಪ್ಪೆ ಸಹಿತ ಹರವಿ ನಲವತ್ತು ನಲವತ್ತೈದು ದಿನ ಬಿಸಿಲು ಕಾಣಿಸಬೇಕು. ನವೆಂಬರಿನಿಂದ ಒಂದರ ಮೇಲೊಂದು ಕೊಯ್ಲು. ಅಂಗಳದ ಒಂದು ಮೂಲೆ ಹಳದಿ, ಒಂದು ಮೂಲೆ ಕಂದು, ಇನ್ನೊಂದು ಮೂಲೆ ಬೂದಿ ಬಣ್ಣ. ಕಾಲಿನಿಂದ ಅಡಿಕೆ ತಿರುವುತ್ತ ನಡೆಯುವಾಗ ಅದು ಮಾಡುವ ಸದ್ದು ದಿನದಿಂದ ದಿನಕ್ಕೆ ಬದಲಾಗುತ್ತದೆ. ಮೊದಲಿಗೆ ಮೆತ್ತಗೆ, ಆಮೇಲೆ ಗಲಗಲ. ಅಜ್ಜಿ ಒಲೆಯ ಹತ್ತಿರ ಕೂತೇ, "ಆ ಬದಿಯದ್ದು ಇನ್ನೂ ಒಣಗಲಿಲ್ಲ" ಎಂದು ಕಿವಿಯಿಂದಲೇ ಹೇಳುತ್ತಿದ್ದರು.

ಹೀಗೆ ಒಣಗಿದ್ದನ್ನು ಮಳೆಗಾಲದ ಮೊದಲೇ ಮಾರಿದರೆ ಅದು ಹೊಸತು. ಸಿಪ್ಪೆ ಸಹಿತ ಅಟ್ಟಕ್ಕೆ ಏರಿಸಿ, ಒಲೆಯ ಹೊಗೆ ಬಿಸಿ ತಾಗಿಸಿ, ಒಂದು ಮಳೆಗಾಲ ದಾಟಿಸಿದರೆ ಹಳತು. ಇನ್ನೂ ಒಂದು ವರ್ಷ ತಡೆದರೆ ಮಂಡಿಯವರ ಭಾಷೆಯಲ್ಲಿ ಡಬಲ್ ಚೋಲ್. ಮರ ಅದೇ, ಅಡಿಕೆ ಅದೇ. ಸುಮ್ಮನೆ ಅಟ್ಟದಲ್ಲಿ ಕೂತದ್ದಕ್ಕೆ ಧಾರಣೆ ಏರುತ್ತದೆ. ಅಂದರೆ ನಮ್ಮ ಬೆಳೆಯಲ್ಲಿ ಲಾಭದ ಒಂದು ಪಾಲು ತೋಟದಲ್ಲಿಲ್ಲ, ಕಾಯುವ ತಾಕತ್ತಿನಲ್ಲಿದೆ. ಮುಂಗಡ ತಿಂದವನಿಗೆ ಆ ತಾಕತ್ತೇ ಇಲ್ಲ. ಅವನ ಅಡಿಕೆ ಅಂಗಳದಿಂದ ನೇರ ಗಾಡಿಗೆ. ಅದು ಸಾಹುಕಾರರ ಗೋದಾಮಿನಲ್ಲಿ ಹಳತಾಗುತ್ತದೆ, ಏರಿದ ಧಾರಣೆ ಸಾಹುಕಾರರದ್ದು.

ನಮ್ಮ ಹಳೇ ಮನೆಯ ಅಟ್ಟ ದೊಡ್ಡದು. ಹಲಸಿನ ಹಲಗೆ, ಹೊಗೆ ಹಿಡಿದು ಕಪ್ಪಾದದ್ದು. ಅಜ್ಜನ ಕಾಲದಲ್ಲಿ ಅಲ್ಲಿ ಸೌತೆಕಾಯಿ ತೂಗುತ್ತಿತ್ತು, ಬಿತ್ತನೆಯ ಭತ್ತದ ಮುಡಿ ಇರುತ್ತಿತ್ತು, ಮುರಿದ ನೊಗ ಇರುತ್ತಿತ್ತು. ಅಡಿಕೆ ಒಂದು ಮಳೆಗಾಲವನ್ನೂ ಅಲ್ಲಿ ಕಳೆದದ್ದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅಜ್ಜ ಬೆಳೆದ ಅಡಿಕೆ ಅಜ್ಜನ ಮನೆಯಲ್ಲಿ ಯಾವತ್ತೂ ಹಳತಾಗಲಿಲ್ಲ.

ಮುಂಗಡದ ಮೋಸವೆಂದರೆ ಬಡ್ಡಿಯ ದರ ಎಂದೇ ಎಲ್ಲರೂ ತಿಳಿದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಣ ಕೊಟ್ಟವನೇ ಕೊಳ್ಳುವವನು, ಕೊಳ್ಳುವವನೇ ತಕ್ಕಡಿ ಹಿಡಿಯುವವನು, ತಕ್ಕಡಿ ಹಿಡಿದವನೇ ಇದು ಒಳ್ಳೇ ಅಡಿಕೆ, ಇದು ಪಟೋರ, ಇದು ಕರಿಗೋಟು ಎಂದು ಬೇರೆ ಮಾಡುವವನು. ಖಂಡಿ, ಅಂದರೆ ಸುಮಾರು ಎರಡೂವರೆ ಕ್ವಿಂಟಾಲ್ ಅಡಿಕೆಯಲ್ಲಿ ಎಷ್ಟು ಪಟೋರ ಎಂದು ಸಾಹುಕಾರರು ಹೇಳಿದರೆ ಅಜ್ಜ ಇಲ್ಲ ಎನ್ನುವುದು ಹೇಗೆ? ಬರಬೇಕಾದ ಹಣ ಎಷ್ಟು, ಅದು ಯಾವತ್ತು ಬರುವುದು ಎಂಬ ಎರಡನ್ನೂ ಸಾಲ ಕೊಟ್ಟವನ ಕೈಗೆ ಕೊಟ್ಟಾಗಿತ್ತು. ಹಾಗಿರುವಾಗ ಬಡ್ಡಿಯನ್ನು ಬೇರೆ ಬರೆಯುವ ಅಗತ್ಯವಾದರೂ ಏನಿತ್ತು?

ಈ ಕಟ್ಟು ಎಷ್ಟು ಹಿಂದಿನದ್ದು ಎಂದು ಹುಡುಕುತ್ತ ಹೋದರೆ ನನ್ನ ಓದು ನಿಲ್ಲುವುದು 1834ರಲ್ಲಿ. ಅಳಿಯನ ರಿಫಂಡಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬೇಡಿ, ಎರಡೂ ತೆರಿಗೆಯ ಕಥೆಯೇ. ಆ ವರ್ಷಕ್ಕಿಂತ ಮೊದಲು ನಮಗೆ ಹತ್ತಿರದ ಪಂಜ, ಬೆಳ್ಳಾರೆ, ಅಮರಸುಳ್ಯದ ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. ಬೆಳೆದದ್ದರಲ್ಲೇ ಕಂದಾಯ ಅಳೆದು ಕೊಡುವ ಕ್ರಮ. ಭತ್ತ ಬೆಳೆದವ ಭತ್ತ ಕೊಟ್ಟ, ಮುಗಿಯಿತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. ಘಟ್ಟದ ಕೆಳಗಿನ ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಇನ್ನು ಮೇಲೆ ಕಂದಾಯ ನಾಣ್ಯದಲ್ಲೇ ಎಂದಿತು.

ಕೇಳಲು ಇದು ಸಣ್ಣ ಬದಲಾವಣೆ. ಆದರೆ ಗದ್ದೆಯಲ್ಲಿ ನಾಣ್ಯ ಬೆಳೆಯುವುದಿಲ್ಲ. ನಾಣ್ಯ ಬೇಕಾದವ ಭತ್ತ ಮಾರಬೇಕು. ಎಲ್ಲರೂ ಒಟ್ಟಿಗೇ ಮಾರಲು ಹೊರಟರೆ ಧಾರಣೆ ಬೀಳುತ್ತದೆ. ಮಾರಲು ಪುರುಸೊತ್ತಿಲ್ಲದವ, ಬರುವ ಬೆಳೆಯನ್ನು ತೋರಿಸಿ ಪೇಟೆಯವರಿಂದ ನಾಣ್ಯ ತರುತ್ತಾನೆ. ಶ್ಯಾನುಭಾಗನಿಗೆ ಕಿಸ್ತು ಕಟ್ಟುವ ದಿನವೇ ಸಾಹುಕಾರನ ಅಂಗಡಿಗೆ ವ್ಯಾಪಾರದ ದಿನ. ಉಪ್ಪು, ಹೊಗೆಸೊಪ್ಪಿನ ಮೇಲೂ ಸರಕಾರದ ಹಿಡಿತ. ಮೂರು ವರ್ಷ ಇದನ್ನು ಸಹಿಸಿದ ಜನ 1837ರ ಮಾರ್ಚ್ 30ರಂದು ಪೂಮಲೆಯಲ್ಲಿ ಸೇರಿದರು. ಮುಂದಾಳು ಕೆದಂಬಾಡಿ ರಾಮಯ್ಯಗೌಡರು. ಬೆಳ್ಳಾರೆಯ ಖಜಾನೆ ವಶವಾಯಿತು. ಗುಂಪು ಪುತ್ತೂರು ದಾಟಿ, ದಾರಿಯುದ್ದಕ್ಕೂ ಜನ ಕೂಡಿಸಿಕೊಳ್ಳುತ್ತ ಏಪ್ರಿಲ್ 5ಕ್ಕೆ ಮಂಗಳೂರು ಮುಟ್ಟಿತು. ಬಾವುಟಗುಡ್ಡೆಯಲ್ಲಿ ಕಂಪೆನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಸುಮಾರು ಹದಿಮೂರು ದಿನ ಮಂಗಳೂರು ಅವರದ್ದಾಗಿತ್ತು. ಆಮೇಲೆ ಕಂಪೆನಿಯ ಪಡೆ ಬಂತು, ಬಿಕರ್ನಕಟ್ಟೆಯಲ್ಲಿ ನೇಣುಗಂಬ ಎದ್ದಿತು.

ನಾನು ಸಣ್ಣವನಿರುವಾಗ ಇದಕ್ಕೆ ಊರಲ್ಲಿ ಇದ್ದ ಹೆಸರು, ದಂಗೆಯ ಇನ್ನೊಬ್ಬ ಮುಂದಾಳಿನ ಹೆಸರಿನಲ್ಲಿ, ಕಲ್ಯಾಣಪ್ಪನ ಕಾಟಕಾಯಿ. ಯಾರಾದರೂ ಮನೆಯೆಲ್ಲ ಕಿತ್ತು ಹರಡಿದರೆ "ಎಂತ ಕಾಟಕಾಯಿ ಮಾರಾಯ ಇದು" ಎನ್ನುವುದಿತ್ತು. ಸ್ವಾತಂತ್ರ್ಯದ ಹೋರಾಟ ಎಂದು ಅದಕ್ಕೆ ಮರ್ಯಾದೆ ಬಂದದ್ದು ಬಹಳ ತಡವಾಗಿ. ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆ ನಿಂತದ್ದು 2022ರಲ್ಲಿ. ಪ್ರತಿಮೆಯ ಕೈಯಲ್ಲಿ ಕತ್ತಿ ಇದೆ. ಸೊಸೈಟಿಯ ಗುಮಾಸ್ತನ ಕಣ್ಣಿಗೆ ಮಾತ್ರ ಆ ದಂಗೆಯ ಹಿಂದೆ ಕಾಣುವುದು ಕಂದಾಯದ ಪುಸ್ತಕದ ಒಂದು ಕಲಂ: ಧಾನ್ಯ ಎಂದಿದ್ದಲ್ಲಿ ರೂಪಾಯಿ ಎಂದು ಬಂದದ್ದು.

ದಂಗೆ ಅಡಗಿತು, ರೂಪಾಯಿ ಉಳಿಯಿತು. ವಾಯಿದೆ ಎಂಬ ಶಬ್ದ ನಮ್ಮವರ ಪಂಚಾಂಗದೊಳಗೆ ಸೇರಿಹೋಯಿತು. ಷಷ್ಠಿಗೆ ಕೊಡುತ್ತೇನೆ, ಬೇಸಿಗೆ ಮುಗಿಯುವ ಪತ್ತನಾಜೆಯ ಒಳಗೆ ಮುಗಿಸುತ್ತೇನೆ. ಚಂಪಾಷಷ್ಠಿಯ ಸಮಯಕ್ಕೆ ಸುಬ್ರಹ್ಮಣ್ಯದ ಹತ್ತಿರ ಕುಲ್ಕುಂದದಲ್ಲಿ ದೊಡ್ಡ ಜಾನುವಾರು ಜಾತ್ರೆ ಆಗುತ್ತಿತ್ತು, ಘಟ್ಟದ ಮೇಲಿನಿಂದ ಎತ್ತುಗಳು ಇಳಿಯುತ್ತಿದ್ದವು. ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಕ್ರಯ ಮಾಡುವುದನ್ನು ನಾನು ಅಪ್ಪನ ಹೆಗಲಿನಿಂದ ನೋಡಿದ್ದೇನೆ. ಎತ್ತು ಮನೆಗೆ ಬರುವುದು ಷಷ್ಠಿಗೆ, ಅದರ ಹಣ ಕೊಡುವುದು ಅಡಿಕೆ ಹೋದ ಮೇಲೆ. ದೇವರ ಜಾತ್ರೆ, ಎತ್ತಿನ ಜಾತ್ರೆ, ಹಳೇ ಸಾಲದ ವಾಯಿದೆ ಮೂರೂ ಒಂದೇ ವಾರದಲ್ಲಿ.

ಮುಂಗಡದ ಈ ಕಟ್ಟನ್ನು ಬಿಚ್ಚಿದವರು ಪುತ್ತೂರಿನ ಒಬ್ಬರು ವಕೀಲರು, ಮೊಳಹಳ್ಳಿ ಶಿವರಾಯರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದರು. ಶಿವರಾಯರು ಪುತ್ತೂರಿನಲ್ಲಿ ಕಟ್ಟಿದ್ದು 1909ರಲ್ಲಿ. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು. ವಕೀಲರಾಗಿ ಕೋರ್ಟಿನಲ್ಲಿ ಸಾಲದ ದಾವೆಗಳನ್ನು ಕಂಡವರು, ಸಾಹುಕಾರರನ್ನು ಬೈಯುತ್ತ ಕೂರಲಿಲ್ಲ. ಹಣ ಕೊಡುವವನನ್ನೂ ಅಡಿಕೆ ಕೊಳ್ಳುವವನನ್ನೂ ಬೇರೆ ಬೇರೆ ಮಾಡಿದರು, ಅಷ್ಟೆ. ಸೊಸೈಟಿಗೆ ಬೇಕಾದದ್ದು ಅಸಲು ಮತ್ತು ಬಡ್ಡಿ. ಅಡಿಕೆಯನ್ನು ನೀನು ಯಾರಿಗೆ ಬೇಕಾದರೂ ಮಾರು, ಯಾವಾಗ ಬೇಕಾದರೂ ಮಾರು. ಇದರ ಬೆಲೆ ನನಗೆ ತಿಳಿದದ್ದು ಸೊಸೈಟಿಯ ಹಳೇ ಲೆಡ್ಜರುಗಳಿಗೆ ಬೈಂಡು ಹಾಕಿಸುವಾಗ. ಸಾಲ ಕಟ್ಟಿದ ತಾರೀಕುಗಳು ಮೊದಮೊದಲು ಬೇಸಿಗೆಯಲ್ಲೇ ಗುಂಪಾಗಿದ್ದದ್ದು, ವರ್ಷ ಕಳೆದ ಹಾಗೆ ಮಳೆಗಾಲದ ಆಚೆಗೂ ಚದುರಿದ್ದವು. ಯಾರದೋ ಅಟ್ಟದಲ್ಲಿ ಅಡಿಕೆ ಹಳತಾಗಲು ಸುರುವಾಗಿತ್ತು ಎಂದು ಅದರ ಅರ್ಥ.

ಆದರೆ ಕೊಳ್ಳುವವರು ಮಂಡಿಯವರೇ ಆಗಿದ್ದಷ್ಟು ಕಾಲ ಅರ್ಧ ಕಟ್ಟು ಹಾಗೇ ಉಳಿದಿತ್ತು. 1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿದಾಗ ಅದು ಎಲ್ಲರಿಗೂ ಗೊತ್ತಾಯಿತು. ಅಪ್ಪ ಆ ವರ್ಷ ಅಂಗಳದ ಅಡಿಕೆಯನ್ನು ನೋಡುತ್ತ ನಿಂತದ್ದು ನನಗೆ ಕಣ್ಣಿಗೆ ಕಟ್ಟಿದೆ. ಕೊಳ್ಳುವವರೇ ಬರಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರು ಊರೂರು ತಿರುಗಿ ಬೆಳೆಗಾರರನ್ನು ಸೇರಿಸಿದರು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಕ್ಯಾಂಪ್ಕೊ 1973ರ ಜುಲೈ 11ರಂದು ಹುಟ್ಟಿತು. ಕೊಳ್ಳುವವರಲ್ಲಿ ನಮ್ಮವರೇ ಒಬ್ಬರಾದ ಮೇಲೆ ಮಂಡಿಯವರೂ ಧಾರಣೆ ಹೇಳುವ ಮೊದಲು ಒಮ್ಮೆ ಆ ಕಡೆ ನೋಡಬೇಕಾಯಿತು. ಮರುವರ್ಷದ ಭೂಸುಧಾರಣೆಯಲ್ಲಿ ಗೇಣಿಯೂ ಹೋಯಿತು. ಅಪ್ಪ ಮೊದಲ ಸಲ ಅಟ್ಟಕ್ಕೆ ಅಡಿಕೆ ಏರಿಸಿದ್ದು ಆಮೇಲೆ. ಹತ್ತು ದಿನಕ್ಕೊಮ್ಮೆ ಏಣಿ ಹತ್ತಿ ಕೈ ಹಾಕಿ ನೋಡಿ ಇಳಿಯುತ್ತಿದ್ದರು. ಹುಳ ಬಿದ್ದಿದೆಯೇ ಎಂದು ನೋಡುವಂತೆ ಕಾಣುತ್ತಿತ್ತು, ಇದ್ದದ್ದು ಮಾತ್ರ ಖುಷಿ.

ನಾನು ಸೊಸೈಟಿಗೆ ಸೇರಿದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಮೊದಲು ಕಲಿತ ಪಾಠ: ಈಡಿನ ಸಾಲ ಬೇರೆ, ಆಸೆಯ ಸಾಲ ಬೇರೆ. ಗೋದಾಮಿಗೆ ಬಂದು ಬಿದ್ದ ಅಡಿಕೆಯ ಮೇಲೆ ಕೊಡುವುದು ಈಡಿನ ಸಾಲ. ಮರದಲ್ಲಿರುವ ಅಡಿಕೆಯ ಮೇಲೆ ಕೊಡುವುದು ಬೆಳೆ ಸಾಲ; ಅದರಲ್ಲಿ ಆಸೆಯ ಪಾಲು ಸ್ವಲ್ಪ ಇದ್ದೇ ಇದೆ, ಅದಕ್ಕಾಗಿ ಜಾಮೀನು. ಈ ಎರಡನ್ನೂ ಬೇರೆಯವರಿಗೆ ವಿವರಿಸಿ ವಿವರಿಸಿ ಬಾಯಿ ನೋಯಿಸಿಕೊಂಡ ನಾನೇ ಒಮ್ಮೆ ಬಿದ್ದೆ. ಸಂಬಳ ಪರಿಷ್ಕರಣೆಯ ಬಾಕಿ ಬರ್ಲಿಕ್ಕೆ ಇತ್ತು. ಆದೇಶ ಆಗಿದೆ, ಲೆಕ್ಕ ನಾನೇ ಹಾಕಿದ್ದೇನೆ, ಇನ್ನೇನು ಹೆದರಿಕೆ? ಗುರುತಿನವರೊಬ್ಬರ ಹತ್ತಿರ ಕೈಸಾಲ ಮಾಡಿ ಒಂದು ಲೂನಾ ತೆಗೆದೆ. ಬಾಕಿ ಬರಲು ಹತ್ತೊಂಬತ್ತು ತಿಂಗಳು ಹಿಡಿಯಿತು. ಬಂದಾಗಲೂ ಅರ್ಧ ಭವಿಷ್ಯನಿಧಿಗೆ ಹೋಗಿ ಕೈಗೆ ಸಿಕ್ಕಿದ್ದು ಅರ್ಧ. ಅಷ್ಟರಲ್ಲಿ ಲೂನಾದ ಟಯರು ಎರಡು ಸಲ ಬದಲಾಗಿತ್ತು. ಸಾಲ ಕೊಟ್ಟವರು ಒಳ್ಳೆಯವರು, ಕೇಳುತ್ತಿರಲಿಲ್ಲ. ನಾನೇ ಅವರ ಮನೆಯ ಎದುರಿನ ದಾರಿ ಬಿಟ್ಟು ಗದ್ದೆಯ ಹುಣಿಯಲ್ಲಿ ಗಾಡಿ ದೂಡಿಕೊಂಡು ಹೋಗುತ್ತಿದ್ದೆ.

ಈಗಿನವರಿಗೆ "ಬರ್ಲಿಕ್ಕೆ ಉಂಟು" ಎಂಬುದರ ಪಟ್ಟಿ ಉದ್ದವಾಗಿದೆ. ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಅಡಿಕೆಗೆ ಹೆಕ್ಟೇರಿಗೆ 6,400 ರೂಪಾಯಿ ಕಟ್ಟಿ 1,28,000 ರೂಪಾಯಿಯ ವಿಮೆ ಮಾಡಿಸಿದ ವರ್ಷಗಳಿದ್ದವು. ತೋಟದಲ್ಲಿ ಎಷ್ಟು ಅಡಿಕೆ ಉದುರಿತು ಎಂದು ಯಾರೂ ಬಂದು ಎಣಿಸುವುದಿಲ್ಲ, ಪಂಚಾಯತಿನ ಮಳೆಮಾಪಕ ಹೇಳಿದ್ದೇ ಲೆಕ್ಕ. ಪಕ್ಕದ ಪಂಚಾಯತಿಗೆ ಎಷ್ಟು ಬಂತು ಎಂದು ಕೇಳಿ, ನಮಗೂ ಅಷ್ಟು ಬರುತ್ತದೆ ಎಂದು ದೀಪಾವಳಿಗೆ ಮೊದಲೇ ಖರ್ಚು ಮಾಡಿದವರಿದ್ದಾರೆ. ಸಾಲ ಮನ್ನಾ ಇದೆ. 2017ರಲ್ಲಿ ಸಹಕಾರಿ ಸಂಘಗಳ 50,000 ರೂಪಾಯಿವರೆಗಿನ ಬೆಳೆ ಸಾಲ ಮನ್ನಾ, 2018ರಲ್ಲಿ 1 ಲಕ್ಷದವರೆಗೆ. ಆ ಎರಡು ವರ್ಷ ಜನ ಬರಬೇಕಾದ ಹಣದ ಮೇಲೆ ಸಾಲ ಮಾಡಲಿಲ್ಲ, ಹೋಗಬೇಕಾದ ಸಾಲದ ಮೇಲೆ ಸಾಲ ಮಾಡಿದರು! ಎರಡನೆಯದರಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ ಎಂದೊಂದು ಷರತ್ತು ಬಂದಾಗ ನಮ್ಮೂರಿನಲ್ಲಿ ಪ್ಯಾನ್ ಕಾರ್ಡನ್ನು ಅಕ್ಕಿ ಡಬ್ಬದೊಳಗೆ ಅಡಗಿಸಿಟ್ಟವರೂ ಇದ್ದರು, ಅಡಗಿಸಿದರೆ ಕಾಣುವುದಿಲ್ಲ ಎಂಬ ಹಾಗೆ.

ಇದಕ್ಕಿಂತ ವಿಚಿತ್ರವಾದದ್ದು ಎರಡು ದಿನದ ಸಾಲ. ಸೊಸೈಟಿಯ ಬೆಳೆ ಸಾಲಕ್ಕೆ 3 ಲಕ್ಷದವರೆಗೆ ಬಡ್ಡಿಯಿರಲಿಲ್ಲ, 2023ರಲ್ಲಿ ಸರಕಾರ ಅದನ್ನು 5 ಲಕ್ಷಕ್ಕೆ ಏರಿಸಿತು. ವಾಯಿದೆಗೆ ಸರಿಯಾಗಿ ಪೂರ್ತಿ ಕಟ್ಟಿದರೆ ಮಾತ್ರ ಆ ಸವಲತ್ತು. ಕಟ್ಟಿದ ಮೇಲೆ ಹೊಸ ಸಾಲ ಪುನಃ ಸಿಗುತ್ತದೆ. ಹಾಗಾಗಿ ವಾಯಿದೆಯ ಹಿಂದಿನ ದಿನ ಎಲ್ಲಿಂದಲೋ 3 ಲಕ್ಷ ತಂದು ಕಟ್ಟುವುದು, ನಾಡಿದ್ದು ಹೊಸ ಸಾಲ ತೆಗೆದು ಅವರಿಗೆ ಕೊಡುವುದು. ಆ ಎರಡು ದಿನಕ್ಕೆ ಇಷ್ಟು ಎಂದು ಹಣ ಇಟ್ಟುಕೊಂಡು ಕೂತವರೇ ಇದ್ದಾರೆ. ಬಡ್ಡಿಯಿಲ್ಲದ ಸಾಲ ಉಳಿಸಿಕೊಳ್ಳಲು ಬಡ್ಡಿ ಕೊಡುವುದು! ನಾನು ಕುರ್ಚಿಯಲ್ಲಿ ಕೂತು ಇದನ್ನು ಕಂಡೂ ಕಾಣದವನಂತೆ ರಶೀದಿ ಹರಿದಿದ್ದೇನೆ. ತಪ್ಪು ಎಂದು ಈಗಲೂ ಅನಿಸುವುದಿಲ್ಲ. ಬರುವ ದಿನ ಗೊತ್ತಿತ್ತು, ಬರುವ ಮೊತ್ತ ಗೊತ್ತಿತ್ತು, ಎರಡೂ ಬರೆದದ್ದು ಒಂದೇ ಪುಸ್ತಕದಲ್ಲಿ.

ರಿಫಂಡಿನದ್ದು ಹಾಗಲ್ಲ. ಅಳಿಯನಿಗೆ ಹೇಳಲು ಒಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಸರಕಾರ ತಡ ಮಾಡಿದರೆ ನಮಗೂ ಬಡ್ಡಿ ಕೊಡುತ್ತದೆ, ತಿಂಗಳಿಗೆ ನೂರಕ್ಕೆ ಅರ್ಧ. ವಾಯಿದೆಯೊಳಗೆ ರಿಟರ್ನ್ ಹಾಕಿದವನಿಗೆ ಏಪ್ರಿಲ್ 1ರಿಂದಲೇ ಲೆಕ್ಕ. 42,000ಕ್ಕೆ ತಿಂಗಳಿಗೆ 210 ರೂಪಾಯಿ. ಫೈನಾನ್ಸಿನವರಿಗೆ ಇವನು ಕೊಡಬೇಕಾದ್ದು ತಿಂಗಳಿಗೆ 840. ತಿಂಗಳು ಕಳೆದಂತೆ 630 ರೂಪಾಯಿ ನಷ್ಟ. ಮೇಲಿಂದ ಸಾಲ ಕೊಡುವಾಗಲೇ ಖರ್ಚೆಂದು ಮುರಿದುಕೊಳ್ಳುವುದು ಬೇರೆ. ಇನ್ನೊಂದು ತಮಾಷೆ: ಸರಕಾರ ಕೊಡುವ ಆ ಬಡ್ಡಿಯನ್ನು ಮುಂದಿನ ವರ್ಷ ಆದಾಯ ಎಂದು ತೋರಿಸಬೇಕು.

"ಒಂದು ತಿಂಗಳಲ್ವಾ ಮಾವ. ಆರುನೂರ ಮೂವತ್ತು ಹೋದ್ರೆ ಹೋಯ್ತು. ಕೊಳೆ ಬಂದ್ರೆ ಅಡಿಕೆಯೇ ಹೋಗ್ತದೆ."

ಮಾತು ಸರಿಯೇ. ಒಂದು ತಿಂಗಳಾದರೆ ನಾನೂ ತೆಗೆ ಎನ್ನುತ್ತಿದ್ದೆ. ತಿಂಗಳು ಎಂದು ಹೇಳಿದವರು ಯಾರು ಎಂದು ಕೇಳಿದೆ. ಹೋದ ವರ್ಷ ಅವನ ಗೆಳೆಯನಿಗೆ ಹನ್ನೆರಡು ದಿನದಲ್ಲಿ ಬಂದಿತ್ತಂತೆ. ರಿಟರ್ನುಗಳನ್ನು ನೋಡುವ ಕೇಂದ್ರ ಬೆಂಗಳೂರಿನಲ್ಲೇ ಇದೆ, 2009ರಿಂದ. ದೇಶದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಕೆಲವರಿಗೆ ವಾರದಲ್ಲಿ ಬರುವುದೂ ನಿಜ. ಆದರೆ ಆ ವರ್ಷ ಫಾರಮುಗಳೇ ತಡ. ಜುಲೈ 31ರ ವಾಯಿದೆಯನ್ನು ಸೆಪ್ಟೆಂಬರ್ 15ಕ್ಕೆ ದೂಡಿದ್ದರು. ವಾಯಿದೆ ದೂಡಿದವರು ಹಣ ಮಾತ್ರ ಬೇಗ ಕೊಡುತ್ತಾರೆಯೇ? ಮತ್ತೆ ನಮ್ಮ ಊರಿನವರ ಹಣೆಬರಹ, ಇನಿಶಿಯಲ್. ಬ್ಯಾಂಕಿನಲ್ಲಿ ಒಂದು ಅಕ್ಷರ, ಪ್ಯಾನಿನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರಿನಲ್ಲಿ ಹಿಂದೆ ಗೌಡ. ಹೆಸರು ಹೊಂದದೆ ಖಾತೆ ಮಾನ್ಯವಾಗದಿದ್ದರೆ ಹಣ ಬಾಗಿಲವರೆಗೆ ಬಂದು ಹಿಂದೆ ಹೋಗುತ್ತದೆ.

ಅವನು ಬಿಡಲಿಲ್ಲ. ಫೋನಿನಲ್ಲಿ ಹುಡುಕಿ, ಅಮೆರಿಕದಲ್ಲಿ ಇದಕ್ಕೇ ಸಾಲ ಕೊಡುತ್ತಿದ್ದರಂತೆ ಎಂದ. ಹೌದು, ಕೊಡುತ್ತಿದ್ದರು. 1980ರ ದಶಕದಲ್ಲಿ ರಿಟರ್ನನ್ನು ಕಂಪ್ಯೂಟರಿನಲ್ಲಿ ಕಳಿಸುವುದು ಬಂದ ಮೇಲೆ ಅಲ್ಲಿ ರಿಟರ್ನ್ ಬರೆದುಕೊಡುವ ಅಂಗಡಿಗಳೇ ಬ್ಯಾಂಕುಗಳ ಜೊತೆ ಸೇರಿ, ಬರಬೇಕಾದ ರಿಫಂಡನ್ನು ಈಡಾಗಿ ಹಿಡಿದು ಸಾಲ ಕೊಟ್ಟವು. ತೆಗೆದವರಲ್ಲಿ ಹೆಚ್ಚಿನವರು ಬಡ ಕೂಲಿಯವರು. ಒಂದೆರಡು ವಾರ ಮುಂಚೆ ಹಣ ಸಿಗಲಿ ಎಂದು ಕೊಟ್ಟ ಶುಲ್ಕವನ್ನು ವರ್ಷದ ಬಡ್ಡಿಯಾಗಿ ಲೆಕ್ಕ ಹಾಕಿದರೆ ನೂರಕ್ಕೆ ನೂರು ದಾಟುವುದಿತ್ತು. ಈ ಮನುಷ್ಯನ ರಿಫಂಡಿನಲ್ಲಿ ಬೇರೆ ಬಾಕಿಗೆ ಮುರಿಯಲಿಕ್ಕೆ ಇದೆಯೇ ಎಂದು ಬ್ಯಾಂಕುಗಳಿಗೆ ಅಲ್ಲಿನ ತೆರಿಗೆ ಇಲಾಖೆಯೇ ಸುಳಿವು ಕೊಡುತ್ತಿತ್ತು. ಇನ್ನು ಆ ಸುಳಿವು ಇಲ್ಲ ಎಂದು 2010ರಲ್ಲಿ ಇಲಾಖೆ ಹೇಳಿತು. ನಿಯಂತ್ರಕರೂ ಬಿಗಿ ಮಾಡಿದರು. 2012ರ ಹೊತ್ತಿಗೆ ಬ್ಯಾಂಕುಗಳು ಆ ಸಾಲದಿಂದ ಕೈ ತೊಳೆದುಕೊಂಡವು. ಅಂಗಡಿಯವನೇ ನಿನಗೆ ಬರುವುದು ಎಷ್ಟು ಎಂದು ಬರೆಯುವವನು, ಅದರ ಮೇಲೆ ಸಾಲ ಕೊಡಿಸುವವನೂ ಅವನೇ. ಓದುವಾಗ ನನಗೆ ಬಂದರಿನ ತಕ್ಕಡಿ ಕಂಡಿತು.

ನಮ್ಮಲ್ಲಿ ರಿಫಂಡನ್ನೇ ಈಡಾಗಿ ಬರೆಸಿಕೊಳ್ಳುವ ಬ್ಯಾಂಕನ್ನು ನಾನು ಕಂಡಿಲ್ಲ. ಅಳಿಯ ತೆಗೆಯಹೊರಟದ್ದು ಬರೀ ಕೈಸಾಲ. ರಿಫಂಡು ಅವನ ಮನಸ್ಸಿನೊಳಗಿನ ಈಡು. ಅದು ಒಂದು ರೀತಿಯಲ್ಲಿ ಅಜ್ಜನದಕ್ಕಿಂತ ವಾಸಿ, ಮೊತ್ತವನ್ನು ಸಾಲ ಕೊಟ್ಟವ ಕಡಿಮೆ ಮಾಡಲಾರ. ಒಂದು ರೀತಿಯಲ್ಲಿ ಅಜ್ಜನದಕ್ಕಿಂತ ಕಡೆ. ಅಜ್ಜನಿಗೆ ತಡವಾದರೆ ಸಾಹುಕಾರರ ಮನೆಗೆ ಹೋಗಿ ಜಗಲಿಯಲ್ಲಿ ಕೂತು ವಾಯಿದೆ ಕೇಳಬಹುದಿತ್ತು. ಇವನು ಯಾರ ಜಗಲಿಗೆ ಹೋಗುತ್ತಾನೆ? ಕಂತಿನ ದಿನ ಹೇಳುವವರು ಒಂದು ಕಡೆ, ಹಣ ಬರುವ ದಿನ ಹೇಳುವವರು ಇನ್ನೊಂದು ಕಡೆ, ಇಬ್ಬರಿಗೂ ಪರಸ್ಪರ ಗುರುತಿಲ್ಲ.

"ಅಟ್ಟದಲ್ಲಿ ಎಷ್ಟು ಉಂಟು?" ಎಂದು ಕೇಳಿದೆ.

ಅವನು ನಗಾಡಿದ. "ಅದನ್ನು ತೆಗೀಲಿಕ್ಕಿಲ್ಲ ಮಾವ. ಅದು ಡಬಲ್ ಚೋಲ್. ಧಾರಣೆ ಇನ್ನೂ ಏರ್ಲಿಕ್ಕೆ ಉಂಟು."

ಮರುದಿನ ಅವನ ಮನೆಗೆ ಹೋದೆ. ತಂಗಿ ಚಹಾ ಇಡುವಷ್ಟರಲ್ಲಿ ಇಬ್ಬರೂ ಏಣಿ ಹತ್ತಿದೆವು. ಗೋಣಿಯ ಬಾಯಿ ಬಿಚ್ಚಿ ಒಂದು ಅಡಿಕೆ ತೆಗೆದು, ಅವನು ಸುಲಿದು ಕತ್ತಿಯಲ್ಲಿ ಎರಡು ಹೋಳು ಮಾಡಿದ. ಒಳಗೆ ಬಿಳಿ, ನಡುವೆ ಕಂದು ಗೆರೆ, ಹುಳದ ತೂತು ಇಲ್ಲ. ಮೂಸಿದೆ. ಮಳೆಗಾಲದ ತೇವ ಏರಿರಲಿಲ್ಲ. ಒಂದು ಗೋಣಿಯಷ್ಟನ್ನು ಅದೇ ವಾರ ಸುಲಿಸಿ ಕೊಟ್ಟ. ತುಂಬ ಮುಖ ಊದಿಸಿಕೊಂಡೇ ಕೊಟ್ಟ. ಅದರ ಹಣ, ಕೈಯಲ್ಲಿದ್ದದ್ದು ಸ್ವಲ್ಪ, ತಂಗಿ ಕೊಟ್ಟದ್ದು ಸ್ವಲ್ಪ. ದೋಟಿ ಬಂತು. ಮಳೆ ಬಿಟ್ಟ ಎರಡು ದಿನದಲ್ಲಿ ಮದ್ದು ಮುಗಿಯಿತು. ಕೊಳೆ ಪೂರ್ತಿ ನಿಂತಿತು ಎನ್ನಲಾರೆ, ಕೆಳಗಿನ ಸಾಲಿನ ಮರಗಳದ್ದು ಅರ್ಧ ಉದುರಿತು.

ರಿಫಂಡು ಬಂದದ್ದು ಷಷ್ಠಿ ಕಳೆದ ಮೇಲೆ, ಡಿಸೆಂಬರಿನಲ್ಲಿ. ಹೆಸರಿನದ್ದೇ ತೊಂದರೆ, ನಡುವೆ ಒಮ್ಮೆ ಹಿಂದೆ ಹೋಗಿತ್ತು. ಮೆಸೇಜು ತೋರಿಸಲು ಚಾವಡಿಗೆ ಬಂದವನ ಮುಖದಲ್ಲಿ ಸಂತೋಷವಿರಲಿಲ್ಲ. ಅವನು ಕೊಟ್ಟ ಮೇಲೆ ಅಡಿಕೆ ಧಾರಣೆ ಕಿಲೋಗೆ ಹತ್ತು ರೂಪಾಯಿಗಿಂತ ಹೆಚ್ಚು ಏರಿತ್ತು. ಫೈನಾನ್ಸಿನ ಬಡ್ಡಿ, ಸರಕಾರದ ಬಡ್ಡಿ, ಏರಿದ ಧಾರಣೆ ಮೂರನ್ನೂ ಕೂಡಿಸಿ ಕಳೆದು, ನನ್ನ ಮಾತು ಕೇಳಿ ತನಗೆ ಲಾಭ ಎಷ್ಟು, ನಷ್ಟ ಎಷ್ಟು ಎಂದು ಅದೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದ. ಲೆಕ್ಕದಲ್ಲಿ ಒಂದು ತಪ್ಪಿತ್ತು, ನಾನು ಹೇಳಲಿಲ್ಲ. ಅಂಗಳದಲ್ಲಿ ಮೊದಲ ಕೊಯ್ಲಿನ ಅಡಿಕೆ ಹರವಿತ್ತು. ಅವನು ಕಾಲಿನಲ್ಲಿ ತಿರುವುತ್ತ ಗೇಟಿನವರೆಗೆ ಹೋದ. ಒಣಗಿದ ಸದ್ದು ಇನ್ನೂ ಬಂದಿರಲಿಲ್ಲ.